ಭಾನುವಾರದ ಬಿಸಿನೀರು

ಬೆಲೆ ಹೇಳುವ ಕೆಲಸ ಸೆವೆರೊನಿಗೆ ಸಾಕಾಗಿ ಹೋಗಿತ್ತು. ಬಂದೂಕುಗಳ ಮೇಲೆ ಅವನಿಗೇನೂ ಸಿಟ್ಟಿರಲಿಲ್ಲ. ಬೆಲೆ ಕೇಳಿದ ಮೇಲೆ ಎದುರಿಗಿದ್ದವರ ಮುಖ ಇಳಿಯುವುದನ್ನು ನೋಡುವುದೇ ಬೇಡವಾಗಿತ್ತು. ಅಜ್ಜನ ಕಾಲದ್ದು, ಮುತ್ತಜ್ಜ ಯುದ್ಧದಿಂದ ತಂದದ್ದು ಎನ್ನುತ್ತ ಕಂಬಳಿಯಲ್ಲಿ ಸುತ್ತಿಕೊಂಡು ಬರುತ್ತಾರೆ, ಜ್ವರ ಬಂದ ಕೂಸನ್ನು ಡಾಕ್ಟರ ಮುಂದೆ ಮಲಗಿಸುವವರ ಹಾಗೆ ಮೇಜಿನ ಮೇಲೆ ಮಲಗಿಸುತ್ತಾರೆ. ಇವನು ಕನ್ನಡಕ ಮೂಗಿಗೇರಿಸಿ, ಇದು ಮುತ್ತಜ್ಜನದಲ್ಲ, ಅಮೆರಿಕದವರ ಹಳೇ ಕಾಲದ ರಿವಾಲ್ವರನ್ನು ನೋಡಿ ಇಟಲಿಯ ಇದೇ ಗಾರ್ದೊನೆ ಊರಿನಲ್ಲಿ, ಇದೇ ಮೆಲ್ಲಾ ಹೊಳೆಯ ದಂಡೆಯಲ್ಲಿ, ನನ್ನಂಥವರೇ ಅರ ಉಜ್ಜಿ ಮಾಡಿದ ನಕಲು, ಎಂದು ಹೇಳಬೇಕು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುವಂತೆ, ಬಂದವರು ಅವನನ್ನೇ ಕಳ್ಳನೆಂದುಕೊಂಡು ಎದ್ದು ಹೋಗುತ್ತಾರೆ. ಹಳೇ ಬಂದೂಕು ಕೊಂಡು ಮಾರುವ ಅಂಗಡಿಯ ಯಜಮಾನ ಬೊರ್ತೊಲೊ ಮಾತ್ರ ನಗುತ್ತಾನೆ. ಬಂದವರಿಗೆಲ್ಲ ಇವನನ್ನು ತೋರಿಸಿ "ನಮ್ಮ ಡಾಕ್ಟ್ರು. ಸತ್ತ ಮೇಲೆ ಕತ್ತರಿಸಿ ನೋಡ್ತಾರಲ್ಲ, ಆ ಥರದವರು" ಎನ್ನುವುದು ಅವನ ಹಳೇ ತಮಾಷೆ. ಸೆವೆರೊ ಪ್ರತಿ ಸಲವೂ ಸ್ವಲ್ಪ ನಗುತ್ತಿದ್ದ. ಕಾರ್ಖಾನೆಯ ಕೆಲಸ ಬಿಟ್ಟು ಇಷ್ಟು ವರ್ಷವಾದ ಮೇಲೆ ಮಂಗಳವಾರ ಹೋಗಿ ಕೂರಬಹುದಾದ ಜಾಗ ಅವನಿಗೆ ಆ ಅಂಗಡಿಯೊಂದೇ ಆಗಿತ್ತು.

ಆ ಮಂಗಳವಾರ ನವೆಂಬರಿನ ಮಂಜು ಕಣಿವೆ ಬಿಟ್ಟು ಎದ್ದಿರಲಿಲ್ಲ. ಹೊರಗೆ ಸಂತೆ, ಚೀಸು ಮಾರುವವನ ಕೂಗು ಮಂಜಿನೊಳಗಿಂದ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂಗಿದಂತೆ ಬರುತ್ತಿತ್ತು. ಬಾಗಿಲ ಗಂಟೆ ಅಲ್ಲಾಡಿ ಎಲ್ವಿರಾ ಒಳಗೆ ಬಂದಾಗ ಸೆವೆರೊ ತಣ್ಣಗಾದ ಕಾಫಿಯ ತಳದಲ್ಲಿ ಉಳಿದ ಸಕ್ಕರೆಯನ್ನು ಚಮಚದಲ್ಲಿ ಕೆರೆಯುತ್ತಿದ್ದ. ಅವಳ ಗಂಡ ಫೆರ್ಮೊ ಆಗಸ್ಟಿನಲ್ಲಿ ತೀರಿಕೊಂಡಿದ್ದ. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಸೆವೆರೊನೂ ಒಬ್ಬ. ಆಮೇಲೆ ಅವಳ ಮನೆಗೆ ಹೋಗಬೇಕು ಅಂದುಕೊಂಡೇ ಮೂರು ತಿಂಗಳು ದಾಟಿತ್ತು. ಅವಳು ರೊಟ್ಟಿಯ ಚೀಲದಿಂದ ಅಡುಗೆಮನೆಯ ಬಟ್ಟೆಯ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಇಡುವಾಗ ಆದ ಸದ್ದಿನಿಂದಲೇ ಒಳಗೇನಿದೆ ಎಂದು ಅವನಿಗೆ ತಿಳಿಯಿತು.

"ಪೊಲೀಸ್ ಠಾಣೆಯ ಅಧಿಕಾರಿ, ಮರೆಶಾಲ್ಲೊ, ಬಂದಿದ್ದ," ಎಂದಳು. "ಯಜಮಾನ ಹೋದಮೇಲೆ ಇದು ಮನೇಲಿ ಇರೋ ಹಾಗಿಲ್ವಂತೆ. ಮಾರು, ಇಲ್ಲ ಠಾಣೆಗೆ ಕೊಟ್ಟುಬಿಡು ಅಂದ. ಇಲ್ಲೀತನಕ ತರೋಕೆ ಚೀಟಿ ಬರ್ಕೊಟ್ಟಿದಾನೆ."

"ಠಾಣೆಗೆ ಕೊಟ್ರೆ ಸುತ್ತಿಗೇಲಿ ಚಚ್ಚಿ ಗುಜರಿಗೆ ಹಾಕ್ತಾರೆ, ಸಿನ್ಯೋರಾ," ಎಂದ ಬೊರ್ತೊಲೊ, ಕುರ್ಚಿ ಎಳೆದು ಕೊಡುತ್ತ. "ನಾವಾದ್ರೆ ಕೊನೇಪಕ್ಷ ಗೌರವವಾಗಿ ಚಚ್ತೀವಿ. ಕೂತ್ಕೊಳ್ಳಿ."

ಅವಳು ಕೂರಲಿಲ್ಲ. ಕೋಟಿನ ಗುಂಡಿಯನ್ನೂ ಬಿಚ್ಚಲಿಲ್ಲ. ಬಟ್ಟೆಯ ನಾಲ್ಕೂ ಅಂಚು ಬಿಡಿಸಿ, ರಿವಾಲ್ವರನ್ನು ಸೆವೆರೊನ ಕಡೆಗೆ ತಳ್ಳಿದಳು.

"ನೀನೇ ನೋಡು, ಸೆವೆರೊ. ಬೆಲೆ ಆಮೇಲೆ ಹೇಳು. ಮೊದಲು ಇದು ಹೇಳು: ಚೆನ್ನಾಗಿ ಗುಂಡು ಹಾರಿಸಿದಾನಾ ಅವನು ಇದರಲ್ಲಿ?"

ಏನು ಪ್ರಶ್ನೆ ಇದು, ಎಂದುಕೊಂಡ ಸೆವೆರೊ. ಹತ್ತೊಂಬತ್ತು ವರ್ಷ ಪ್ರತಿ ಭಾನುವಾರ ಊಟ ಮುಗಿಸಿ ರಿವಾಲ್ವರ್ ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು ಗುರಿ ಹೊಡೆಯಲು ಹೋಗುತ್ತೇನೆಂದು ಹೊರಟ ಗಂಡಸಿನ ಹೆಂಡತಿ ಕೇಳುವ ಮಾತೇ ಇದು? ಈ ರಿವಾಲ್ವರ್ ಅವನಿಗೂ ಗೊತ್ತಿದ್ದದ್ದೇ. ಫೆರ್ಮೊ ಕೆಲಸದಿಂದ ನಿವೃತ್ತನಾದ ದಿನ ಎಲ್ವಿರಾ ಕೊಟ್ಟ ಉಡುಗೊರೆ. ಮನೆಯಲ್ಲೇ ಕೂತು ಬಂದೂಕಿನ ಹಿಡಿಗಳಿಗೆ ಎಣ್ಣೆ ಉಜ್ಜಿ ಹೊಳಪು ಕೊಡುವ ಕೆಲಸದಲ್ಲಿ ಅವಳು ಕೂಡಿಟ್ಟ ಹಣದಿಂದ, ಅವರದೇ ಕಾರ್ಖಾನೆಯಲ್ಲಿ ಕೊಂಡದ್ದು; ಅಕ್ರೋಟು ಮರದ ಹಿಡಿಗೆ ಅಗಸೆ ಎಣ್ಣೆ ಉಜ್ಜಿದ್ದು ಅವಳ ಅಂಗೈಯೇ. ಆ ರಾತ್ರಿ ಊಟದ ಮೇಜಿನ ಮೇಲೆ ಮೆಕ್ಕೆಜೋಳದ ಮುದ್ದೆ ಪೊಲೆಂತಾ, ಸಲಾಕೆಗೆ ಚುಚ್ಚಿ ಸುಟ್ಟ ಮಾಂಸ, ಎಲ್ಲರ ಚಪ್ಪಾಳೆ. ಫೆರ್ಮೊನ ಮುಖ ಮಾತ್ರ ಸಾಲ ವಸೂಲಿಗೆ ಬಂದವನನ್ನು ಬಾಗಿಲಲ್ಲಿ ನೋಡಿದಂತಿತ್ತು. ಕಾರ್ಖಾನೆಯ ನೆಲಮಾಳಿಗೆಯಲ್ಲಿ, ಹೊಸ ಬಂದೂಕುಗಳಿಗೆ ಮದ್ದು ತುಂಬಿ ಹಾರಿಸಿ ನೋಡುವುದೇ ಇಪ್ಪತ್ತು ವರ್ಷ ಅವನ ಕೆಲಸವಾಗಿತ್ತು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯಲ್ಲಿ ಸದಾ ಒಂದು ಸೀಟಿ. ಕೈ ತೊಳೆಯುವಲ್ಲಿ ಪಕ್ಕಕ್ಕೆ ನಿಂತು, ಕಿವುಡರು ಮೆಲ್ಲಗೆ ಎಂದುಕೊಂಡು ಜೋರಾಗಿ ಹೇಳುವ ಹಾಗೆ, "ಭಾನುವಾರಾನೂ ಇದೇನಾ, ಸೆವೆರೊ?" ಎಂದಿದ್ದ. ಸೆವೆರೊ ನಕ್ಕುಬಿಟ್ಟಿದ್ದ. ಆಗ ಅವನಿಗೆ ಹಸಿವಾಗಿತ್ತು, ಮಾಂಸ ಆರುತ್ತಿತ್ತು, ಇನ್ನೇನು ಹೇಳುವುದು.

ಅವನು ರಿವಾಲ್ವರನ್ನು ಎತ್ತಿಕೊಂಡ. ಸೋಪಿನ ವಾಸನೆ. ಮೊದಲು ಕಣ್ಣಿಗೆ ಬಿದ್ದದ್ದು ತಿರುಪುಮೊಳೆಗಳು: ತಲೆಯ ಗೀರುಗಳೆಲ್ಲ ಅಗಲವಾಗಿ ಕಿತ್ತುಹೋಗಿದ್ದವು. ನಳಿಗೆಯ ನೀಲಿ ಬಣ್ಣ ಅಂಚುಗಳಲ್ಲಿ ತೆಳುವಾಗಿ, ಹಳೇ ಪ್ಯಾಂಟಿನ ಮಂಡಿಯ ಹಾಗೆ ಬೆಳ್ಳಗಾಗಿತ್ತು. ಹೌದು, ಇದು ಕರಿಮದ್ದಿನ ಕೋವಿಯ ಹಣೆಬರಹ. ಕರಿಮದ್ದು ಉರಿದು ಉಳಿಸುವ ಮಸಿ ಕಬ್ಬಿಣವನ್ನು ಒಂದೇ ರಾತ್ರಿಯಲ್ಲಿ ತಿನ್ನುತ್ತದೆ. ಹಾರಿಸಿದ ದಿನವೇ ಪೂರ್ತಿ ಬಿಚ್ಚಿ, ಕುದಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು, ಒರೆಸಿ, ಎಣ್ಣೆ ಹಚ್ಚಬೇಕು. ಈ ಕಣಿವೆಯ ಮನೆಗಳಲ್ಲಿ ಭಾನುವಾರ ಸಂಜೆ ಪಾಸ್ತಾ ಬೇಯಿಸುವ ದೊಡ್ಡ ಪಾತ್ರೆಯಲ್ಲಿ ನೀರು ಕಾಯುತ್ತಿದೆ ಎಂದರೆ ಅದು ಊಟಕ್ಕೆ ಅಂತ ಯಾರೂ ತಿಳಿಯುವುದಿಲ್ಲ. ಹಾಗಾಗಿ ಸೆವೆರೊ, ಚೆನ್ನಾಗಿ ದುಡಿದ ರಿವಾಲ್ವರ್, ನೂರಿಪ್ಪತ್ತು, ಹೆಚ್ಚೆಂದರೆ ನೂರೈವತ್ತು ಯೂರೋ ಎಂದು ಮನಸ್ಸಿನಲ್ಲೇ ಬೆಲೆ ಕಟ್ಟಿ, ಅಭ್ಯಾಸದಂತೆ ದೀಪದ ಕಡೆಗೆ ಹಿಡಿದು ನಳಿಗೆಯೊಳಗೆ ನೋಡಿದ.

ನಳಿಗೆ ಕನ್ನಡಿಯಂತಿತ್ತು. ತೊಳೆದರೆ ಹಾಗಿರುತ್ತದೆ, ಸರಿ. ಮದ್ದು ತುಂಬುವ ಆರು ಗುಳಿಗಳ ಉರುಳೆಯನ್ನು ಕಳಚಿ ತಿರುಗಿಸಿ ನೋಡಿದ. ಎಷ್ಟೇ ತೊಳೆಯಲಿ, ಮದ್ದಿಗೆ ಕಿಡಿ ಕೊಡುವ ಕೇಪು ಕೂರಿಸುವ ತೊಟ್ಟುಗಳ ಬುಡದಲ್ಲಿ ಬೆಂಕಿಯ ಹಲ್ಲಿನ ಗುರುತು ಉಳಿದೇ ಉಳಿಯುತ್ತದೆ. ಅದನ್ನು ಯಾವ ಸೋಪೂ ತೆಗೆಯಲಾರದು. ಇಲ್ಲಿ ಗುರುತೇ ಇರಲಿಲ್ಲ. ಗುಳಿಗಳ ಬಾಯಲ್ಲಿ ಕಾರ್ಖಾನೆಯ ಉಳಿ ಕೊರೆದ ಸಣ್ಣ ಸುತ್ತುಗೆರೆಗಳು ಇನ್ನೂ ಹಾಗೇ ಇದ್ದವು, ನಿನ್ನೆ ಕೊರೆದ ಹಾಗೆ. ಅವನು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಕಾರ್ಖಾನೆಯ ಪರೀಕ್ಷೆಯ ಗುಂಡು ಬಿಟ್ಟರೆ ಈ ರಿವಾಲ್ವರಿನಲ್ಲಿ ಒಂದೇ ಒಂದು ಗುಂಡು ಹಾರಿರಲಿಲ್ಲ. ಹತ್ತೊಂಬತ್ತು ವರ್ಷ ಯಾರೋ ಇದನ್ನು ಬರೀ ತೊಳೆದಿದ್ದರು.

ಈಗ ಬೆಲೆ ಬೇರೆ. ಹಾರಿಸದ ರಿವಾಲ್ವರಿಗೆ, ತಿರುಪು ಕಿತ್ತಿದ್ದರೂ, ಬಣ್ಣ ಸವೆದಿದ್ದರೂ, ಸಂಗ್ರಹ ಮಾಡುವವರು ನಾನೂರು ಎಣಿಸಿ ಕೊಟ್ಟಾರು. ಆದರೆ ನಾನೂರು ಎಂದು ಬಾಯಿಬಿಟ್ಟರೆ, ಅದರ ಹಿಂದೆಯೇ ಕಾರಣವನ್ನೂ ಹೇಳಬೇಕು. ಕಾರಣ ಹೇಳಿದರೆ, ಈ ಹೆಂಗಸು ಇಲ್ಲೇ, ಬೊರ್ತೊಲೊನ ಎದುರಿಗೇ, ಹಾಗಾದರೆ ಪ್ರತಿ ಭಾನುವಾರ ಎಲ್ಲಿಗೆ ಹೋಗುತ್ತಿದ್ದ, ಎಂದು ಕೇಳುತ್ತಾಳೆ. ಎಲ್ಲಿಗೆ ಹೋಗುತ್ತಿದ್ದ ಎನ್ನುವುದು ಸೆವೆರೊನಿಗೆ ಗೊತ್ತಿತ್ತು, ಅಥವಾ ಗೊತ್ತಿದೆಯೆಂದು ಇಷ್ಟು ವರ್ಷ ಅಂದುಕೊಂಡಿದ್ದ. ಗುರಿ ಹೊಡೆಯುವ ಮೈದಾನಕ್ಕೆ ಫೆರ್ಮೊ ಬಂದದ್ದು ಒಂದೇ ಭಾನುವಾರ. ಕಿವಿಗೆ ಹತ್ತಿ ತುರುಕಿಕೊಂಡು ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, ಪೆಟ್ಟಿಗೆಯನ್ನೂ ತೆರೆಯದೆ ಎದ್ದು ಹೋಗಿದ್ದ. ಆಮೇಲೊಮ್ಮೆ, ಅಣಬೆ ಹುಡುಕಲು ಹೋದ ಸೆವೆರೊ, ಮೇಲಿನ ಚೆಸ್ಟ್‌ನಟ್ ತೋಪಿನ ತಿರುವಿನಲ್ಲಿ ಫೆರ್ಮೊನ ಹಸಿರು ಪಾಂಡಾ ಕಾರು ನಿಂತಿದ್ದನ್ನು ಕಂಡಿದ್ದ. ಗಾಜು ಏರಿಸಿತ್ತು. ಒಳಗೆ ಫೆರ್ಮೊ ಒಬ್ಬನೇ, ತಲೆ ತಗ್ಗಿಸಿ ತೊಡೆಯ ಮೇಲೆ ಏನನ್ನೋ ನೋಡುತ್ತ ಕೂತಿದ್ದ. ಯಾರಿಗೋ ಕಾಯುತ್ತಿದ್ದಾನೆ ಎಂದುಕೊಂಡು ಸೆವೆರೊ ಮರ್ಯಾದಸ್ಥನಂತೆ ಮುಖ ತಿರುಗಿಸಿ, ಅಣಬೆಯಿಲ್ಲದ ದಾರಿ ಹಿಡಿದು ನಡೆದುಬಿಟ್ಟಿದ್ದ. ಈ ಕಣಿವೆಯ ಗಂಡಸರು ಒಬ್ಬರಿಗೊಬ್ಬರು ಮಾಡುವ ದೊಡ್ಡ ಉಪಕಾರ ಅದು, ಮುಖ ತಿರುಗಿಸುವುದು. ಕಾಫಿ ಅಂಗಡಿಯಲ್ಲಿ ಬೊರ್ತೊಲೊ "ಫೆರ್ಮೊ ಬೇರೆ ಗುರಿ ಹಿಡಿದಿದಾನೆ ಕಣ್ರೋ" ಎಂದಾಗ ಎಲ್ಲರೂ ನಕ್ಕಿದ್ದರು, ಸೆವೆರೊನೂ ನಕ್ಕಿದ್ದ. ಮತ್ತೆ ಪ್ರತಿ ಈಸ್ಟರಿಗೆ ಫೆರ್ಮೊ ಮದ್ದಿನ ಡಬ್ಬಿ, ಕೇಪಿನ ಡಬ್ಬಿ ತಂದು "ಜಾಸ್ತಿ ಆಗಿದೆ, ನೀನಿಟ್ಕೋ" ಎಂದು ಕೊಡುತ್ತಿದ್ದ. ಸೀಲು ಒಡೆಯದ ಡಬ್ಬಿಗಳು. ಎಲ್ವಿರಾಳೇ ಗಂಡನಿಗೆಂದು ಕೊಂಡದ್ದು ಅವು. ಅವಳ ದುಡ್ಡಿನ ಮದ್ದನ್ನು ಸೆವೆರೊ ಹತ್ತೊಂಬತ್ತು ವರ್ಷ ಸುಟ್ಟಿದ್ದ, ಏನು ಎತ್ತ ಎಂದು ಒಮ್ಮೆಯೂ ಕೇಳದೆ.

"ಏನು, ಅಷ್ಟೊಂದು ನೋಡ್ತಿದೀಯ?" ಎಂದಳು ಎಲ್ವಿರಾ.

ಅವಳ ಕಣ್ಣು ರಿವಾಲ್ವರಿನ ಮೇಲಿರಲಿಲ್ಲ, ಅವನ ಮುಖದ ಮೇಲಿತ್ತು. ಎಪ್ಪತ್ತು ದಾಟಿದ ಹೆಂಗಸು, ಗಂಡ ಸತ್ತು ಮೂರು ತಿಂಗಳು, ಸಂತೆಯ ದಿನ ತಲೆ ಬಾಚಿ ಬಂದಿದ್ದಾಳೆ. ಇವಳಿಗೆ ಯಾಕೆ ಹೇಳಬೇಕು? ಸತ್ತವನು ಸತ್ತ. ಯಾವಳೋ ಇದ್ದಳು, ಅವಳೂ ಈಗ ಮುದುಕಿಯಾಗಿರಬೇಕು. ಸೆವೆರೊನಿಗೆ ಒಮ್ಮೆಗೇ ತುಂಬ ದಣಿವಾಯಿತು. ಒಂದು ಸುಳ್ಳು ಹೇಳಿದರೆ ಎಲ್ಲ ಮುಗಿಯುತ್ತದೆ, ಅವಳು ನೆಮ್ಮದಿಯಾಗಿ ಮನೆಗೆ ಹೋಗುತ್ತಾಳೆ, ತಾನು ಕಾಫಿಯ ಲೋಟ ತೊಳೆದಿಡಬಹುದು.

"ಚೆನ್ನಾಗಿ ಹಾರಿಸಿದಾನೆ," ಎಂದ. "ತುಂಬಾ ಹಾರಿಸಿದಾನೆ. ನಳಿಗೆ ಸವೆದುಹೋಗಿದೆ."

"ನಳಿಗೆ ಸವೆದಿದೆ."

"ಹೂಂ. ಪ್ರತಿ ವಾರ ಅಂದ್ರೆ ಸವೀದೆ ಇರುತ್ತಾ. ಅದಕ್ಕೇ ಬೆಲೆ ಬರಲ್ಲ. ನೂರಿಪ್ಪತ್ತು."

ಅವಳು ಅಡುಗೆಮನೆಯ ಬಟ್ಟೆಯನ್ನು ಕೈಗೆತ್ತಿಕೊಂಡು, ಅಂಚಿಗೆ ಅಂಚು ಸೇರಿಸಿ ಮಡಿಸಿ, ಮತ್ತೊಮ್ಮೆ ಮಡಿಸಿ, ಚೀಲಕ್ಕೆ ಹಾಕಿಕೊಂಡಳು. "ಹಿಡಿ ಹೇಗಿದೆ?" ಎಂದು ಕೇಳಿದಳು. ಹಿಡಿ ಚೆನ್ನಾಗಿದೆ, ಹಿಡಿಗೆ ಏನೂ ಆಗಿಲ್ಲ, ಎಂದ ಸೆವೆರೊ, ಹಿಡಿಯನ್ನು ನೋಡದೆಯೇ. "ಸರಿ ಬಿಡು ಹಾಗಾದ್ರೆ," ಎಂದಳು. ಬೊರ್ತೊಲೊ ಕಾಗದ ತುಂಬಿ ರುಜು ಹಾಕಿಸಿಕೊಂಡ, ನೋಟುಗಳನ್ನು ಮೇಜಿನ ಮೇಲೆ ಹರಡಿಟ್ಟ, ಬಾಗಿಲತನಕ ಹೋಗಿ ಕಳಿಸಿಕೊಟ್ಟ. ಹೊಸಿಲು ದಾಟುವಾಗ ಅವಳು ತಿರುಗಿ, "ನೀನೂ ಒಳ್ಳೆಯವನೇ, ಸೆವೆರೊ," ಎಂದಳು. ಅದನ್ನು ಹೇಳಿದ ರೀತಿ ಅವನಿಗೆ ಹಿಡಿಸಲಿಲ್ಲ.

ಬಾಗಿಲು ಮುಚ್ಚಿದ ಕೂಡಲೇ ಬೊರ್ತೊಲೊ ಉರುಳೆಯನ್ನು ಎತ್ತಿ ದೀಪಕ್ಕೆ ಹಿಡಿದ. ಅವನೇನು ಕುರುಡನಲ್ಲ, ಅವನೂ ಇದೇ ಕಣಿವೆಯಲ್ಲಿ ಹುಟ್ಟಿದವನು. ಒಂದು ಸಲ ನೋಡಿದ, ಸೆವೆರೊನನ್ನು ನೋಡಿದ, ಮತ್ತೆ ಒಳಗೆ ನೋಡಿದ. ಆಮೇಲೆ ಹೊಟ್ಟೆ ಕುಲುಕಿಸಿ ನಗತೊಡಗಿದ.

"ಎಲಾ ಇವನ. ಹೊಸಾದು ಕಣಯ್ಯಾ ಇದು. ಕನ್ಯೆ. ನಿನ್ನ ಬಾಯಿಂದ ನೂರಿಪ್ಪತ್ತು ಅಂತ ಬಂದಾಗ ನಾನೇ ದಂಗಾಗಿಬಿಟ್ಟೆ. ಇಷ್ಟು ವರ್ಷಕ್ಕೆ ವ್ಯಾಪಾರ ಕಲಿತೆಯಲ್ಲ ಮಾರಾಯ."

"ಅದಕ್ಕಲ್ಲ ನಾನು ಹೇಳಿದ್ದು."

"ಯಾವುದಕ್ಕಾದರೂ ಹೇಳು, ಅರ್ಧ ನಿಂದು. ತಗೋ, ನಿನ್ನ ಅಕ್ಷರ ಚೆನ್ನಾಗಿದೆ, ಒಂದು ಚೀಟಿ ಬರಿ. 'ಒಂದು ಗುಂಡೂ ಹಾರಿಸದ ರಿವಾಲ್ವರ್'. ನಾನೂರೈವತ್ತು ಹಾಕು. ಕಿಟಕೀಲಿಡೋಣ."

"ಅವಳು ಪ್ರತಿ ಮಂಗಳವಾರ ಸಂತೆಗೆ ಇದೇ ದಾರೀಲಿ ಬರ್ತಾಳೆ, ಬೊರ್ತೊಲೊ."

"ಬರಲಿ. ಅವಳು ಚೀಸು ನೋಡ್ತಾಳೋ ಕಿಟಕಿ ನೋಡ್ತಾಳೋ."

ಸೆವೆರೊ ಪೆನ್ನು ಮುಟ್ಟಲಿಲ್ಲ. ಇದು ದಯೆ ಎಂದುಕೊಂಡು ಹೇಳಿದ್ದು ಈಗ ಕಳ್ಳತನವಾಗಿ ಮೇಜಿನ ಮೇಲೆ ಬಿದ್ದಿತ್ತು, ಅರ್ಧ ಪಾಲಿನ ಸಮೇತ. ಹೊರಗೆ ಹೋಗಿ ಉಸಿರಾಡಬೇಕು ಅನ್ನಿಸಿತು, ಆದರೆ ಎದ್ದು ಕೋಟು ಹಾಕಿಕೊಳ್ಳುವುದೇ ದೊಡ್ಡ ಕೆಲಸವೆನಿಸಿತು. ಏನಾದರೂ ಮಾಡುತ್ತಿರಬೇಕೆಂದು ಉರುಳೆಯನ್ನು ಮತ್ತೆ ರಿವಾಲ್ವರಿಗೆ ಕೂರಿಸಿದ, ಹಿಡಿಯನ್ನು ಅಂಗೈಗೆ ಸೇರಿಸಿದ. ಅಲ್ಲಿ, ಎಲ್ವಿರಾ ಉಜ್ಜಿದ ಎಣ್ಣೆಯ ಹೊಳಪು ಹೋಗಿ, ಒಂದು ಅಂಗೈಯಷ್ಟೇ ಅಗಲಕ್ಕೆ ಮರ ಬರಿದಾಗಿತ್ತು. ಹಿಡಿಗೆ ಏನೂ ಆಗಿಲ್ಲ ಎಂದಿದ್ದ ತಾನು. ತನಗೇ ತಿಳಿಯದಂತೆ ಹೆಬ್ಬೆರಳು ಹಿಂದಿನ ಕುದುರೆಯ ಮೇಲೆ ಹೋಯಿತು. ಕೇಪಿನ ಮೇಲೆ ಬಡಿಯುವ ಆ ಕುದುರೆಯ ತುದಿಯಲ್ಲಿ ಬೆರಳು ಜಾರದಿರಲೆಂದು ಸಣ್ಣ ಹಲ್ಲುಗಳನ್ನು ಕೊಚ್ಚಿರುತ್ತಾರೆ. ಅವನೇ ನೂರಾರು ಕೊಚ್ಚಿದ್ದ. ಇದರಲ್ಲಿ ಹಲ್ಲೇ ಇರಲಿಲ್ಲ. ನದಿಯ ಕಲ್ಲಿನ ಹಾಗೆ ನುಣ್ಣಗೆ, ಮಧ್ಯೆ ತುಸು ತಗ್ಗಾಗಿತ್ತು. ಅವನ ಹೆಬ್ಬೆರಳು ಆ ತಗ್ಗಿನಲ್ಲಿ ಸರಿಯಾಗಿ ಕೂತಿತು.

ಕುದುರೆಯನ್ನು ಹಿಂದಕ್ಕೆಳೆದ. ಕಟ್, ಕಟ್, ಕಟ್, ಕಟಕ್. ಉರುಳೆ ಒಂದು ಮನೆ ತಿರುಗಿ ನಿಂತಿತು. ಅದರ ಸುತ್ತ ಆಳವಾದ ಬಿಳಿ ಗೆರೆಯೊಂದು ಉಂಗುರದಂತೆ ಕೊರೆದಿತ್ತು. ಅದನ್ನು ಅವನು ಆಗಲೇ ನೋಡಿದ್ದ, ನೋಡಿ ಬದಿಗೆ ಸರಿಸಿದ್ದ, ಬೆಲೆ ಸ್ವಲ್ಪ ಇಳಿಯುತ್ತದೆ ಅಷ್ಟೇ ಎಂದು. ಅಷ್ಟು ಆಳದ ಗೆರೆ ಬೀಳಬೇಕಾದರೆ ಕುದುರೆಯನ್ನು ಸಾವಿರಾರು ಸಲ ಎಳೆದಿರಬೇಕು. ತೊಟ್ಟುಗಳು ಮಾತ್ರ ಜಜ್ಜಿರಲಿಲ್ಲ; ಅಂದರೆ ಎಳೆದವನು ಒಂದು ಸಲವೂ ಬಡಿಯಗೊಟ್ಟಿಲ್ಲ. ಪ್ರತಿ ಸಲವೂ ಹೆಬ್ಬೆರಳಿನಲ್ಲಿ ತಡೆದು, ಮಲಗಿದ ಮಗುವಿನ ಮೇಲೆ ಹೊದಿಕೆ ಎಳೆದಂತೆ, ಮೆಲ್ಲಗೆ ಇಳಿಸಿದ್ದಾನೆ. ನೆಲಮಾಳಿಗೆಗೆ ಇಳಿಯುವ ಮುಂಚೆ ಫೆರ್ಮೊ ಸೆವೆರೊನ ಪಕ್ಕದ ಬೆಂಚಿನಲ್ಲಿ ಕುದುರೆ ಕೂರಿಸುವ ಕೆಲಸ ಮಾಡುತ್ತಿದ್ದ. ಕಟ್ ಕಟ್ ಸದ್ದನ್ನು ಕಿವಿಯಿಂದಲೇ ಅಳೆದು, ಒಂದು ಕೂದಲಷ್ಟು ಅರ ಉಜ್ಜಿ, ಮತ್ತೆ ಎಳೆದು ಕೇಳಿ, ತಲೆಯಾಡಿಸುತ್ತಿದ್ದ. ಕಿವಿ ಹೋದಮೇಲೆ ಆ ಸದ್ದು ಅವನಿಗೆ ಹೆಬ್ಬೆರಳಲ್ಲಿ ಮಾತ್ರ ಉಳಿದಿರಬೇಕು. ಗಾಜು ಏರಿಸಿದ ಪಾಂಡಾದಲ್ಲಿ ತಲೆ ತಗ್ಗಿಸಿ ತೊಡೆಯ ಮೇಲೆ ಅವನು ನೋಡುತ್ತಿದ್ದದ್ದು ಏನು ಎಂದು ಸೆವೆರೊನಿಗೆ ಈಗ ತಿಳಿಯಿತು. ಅವನು ಯಾರಿಗೂ ಕಾಯುತ್ತಿರಲಿಲ್ಲ.

"ಎಲ್ಲಿಗೆ? ಚೀಟಿ?" ಎಂದ ಬೊರ್ತೊಲೊ. ಸೆವೆರೊ ಅಷ್ಟರಲ್ಲಿ ಕೋಟಿಲ್ಲದೆ ಬೀದಿಗಿಳಿದಿದ್ದ.

ಮೇಲಿನ ಊರಿಗೆ ಹೋಗುವ ಬಸ್ಸಿನ ನಿಲ್ದಾಣದಲ್ಲಿ ಅವಳು ಒಬ್ಬಳೇ ನಿಂತಿದ್ದಳು, ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಅವನು ಏದುಸಿರು ಬಿಡುತ್ತ ಎದುರಿಗೆ ನಿಂತಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಎಲ್ವಿರಾ, ನಾನು ಸುಳ್ಳು ಹೇಳಿದೆ. ಅದರಲ್ಲಿ ಒಂದು ಗುಂಡೂ ಹಾರಿಲ್ಲ. ಬೆಲೇನೂ ತಪ್ಪು ಹೇಳಿದೆ."

"ದುಡ್ಡಿನ ಮಾತು ಬಿಡು. ಹಾರಿಸಿಲ್ಲ ಅಂತ ನನಗೆ ಮೊದಲನೇ ಭಾನುವಾರಾನೇ ಗೊತ್ತು." ಅವಳು ರಸ್ತೆಯ ಕಡೆ ನೋಡುತ್ತಲೇ ಹೇಳಿದಳು. "ನಮ್ಮಪ್ಪ ಕೋವಿ ತೊಳೆದ ನೀರು ಕಾಫಿ ಥರ ಕಪ್ಪಗಿರ್ತಿತ್ತು, ಕೊಳೆತ ಮೊಟ್ಟೆ ವಾಸನೆ ಬೇರೆ. ಫೆರ್ಮೊ ತೊಳೆದ ನೀರಲ್ಲಿ ಮುಖ ನೋಡ್ಕೋಬಹುದಿತ್ತು. ನಾನು ಅದನ್ನ ಜೆರೇನಿಯಂ ಗಿಡಕ್ಕೆ ಹಾಕ್ತಿದ್ದೆ. ಯಾರ ಮನೇಲೂ ಅಂಥ ಜೆರೇನಿಯಂ ಇಲ್ಲ, ನೋಡಿದೀಯಲ್ಲ."

"ಮತ್ತೆ ನನ್ನ ಕೇಳಿದ್ದು?"

"ನೀನೇನಂತೀಯ ನೋಡೋಣ ಅಂತ. ಹಾರಿಸಿಲ್ಲ ಅಂದಿದ್ರೆ, ಎಲ್ಲಿಗೆ ಹೋಗ್ತಿದ್ದ, ನಿನಗೇನಾದ್ರೂ ಗೊತ್ತಾ ಅಂತ ಕೇಳೋಳಿದ್ದೆ. ನೀನು ನಳಿಗೆ ಸವೆದಿದೆ ಅಂದೆ. ಅಲ್ಲಿಗೆ ಗೊತ್ತಾಯ್ತು. ನೀವೆಲ್ಲ ಸೇರಿ ಮುಚ್ಚಿಡೋದು ಒಂದೇ ವಿಷಯ."

"ಹಾಗಲ್ಲ. ನಾನೂ ಹಾಗೇ ಅಂದ್ಕೊಂಡಿದ್ದೆ. ಯಾರೂ ಇರಲಿಲ್ಲ, ಎಲ್ವಿರಾ. ಚೆಸ್ಟ್‌ನಟ್ ತೋಪಿನ ಹತ್ರ ಕಾರಲ್ಲಿ ಒಬ್ಬನೇ ಕೂತಿರ್ತಿದ್ದ. ಒಂದಿನ ನಾನೇ ಕಣ್ಣಾರೆ ಕಂಡಿದೀನಿ. ರಿವಾಲ್ವರೂ ಅದನ್ನೇ ಹೇಳುತ್ತೆ."

ಅವಳು ಈಗ ಅವನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಸಂತೆಯಲ್ಲಿ ಕೊಳೆತ ಹಣ್ಣನ್ನು ಮತ್ತೆ ಬುಟ್ಟಿಗೇ ಇಡುವವರ ಮುಖ ಅದು.

"ಈಗ ತಾನೇ ಅಂಗಡೀಲಿ ಒಂದು ಹೇಳಿದೆ. ರಸ್ತೇಲಿ ಇನ್ನೊಂದು ಹೇಳ್ತಿದೀಯ. ಯಾವುದನ್ನ ಮನೆಗೆ ತಗೊಂಡ್ ಹೋಗ್ಲಿ? ಮಾತು ಆಡಿದ್ರೆ ಹೋಯ್ತು, ಸೆವೆರೊ. ನಿನ್ನ ಕೋಟೆಲ್ಲಿ? ಶೀತ ಆಗುತ್ತೆ, ಹೋಗು."

ಅವಳು ಹೇಳಿದ್ದು ಸರಿಯೇ ಆಗಿತ್ತು. ಬೇರೆಯವರ ವಸ್ತುಗಳಿಗೆ ಬೆಲೆ ಕಟ್ಟುತ್ತ ಕೂತವನು ತನ್ನ ಬಾಯಿಯ ಮಾತನ್ನು ಒಂದು ಕಾಫಿಯ ಹೊತ್ತಿನಲ್ಲಿ ಕಳೆದುಕೊಂಡಿದ್ದ. ಬಲಗೈ ತಾನೇ ತಾನಾಗಿ ಮೇಲೆದ್ದಿತು. ಇಲ್ಲದ ಹಿಡಿಯನ್ನು ಹಿಡಿದು, ಹೆಬ್ಬೆರಳನ್ನು ಹಿಂದಕ್ಕೆಳೆದ, ನಿಲ್ಲಿಸಿದ, ಮೆಲ್ಲಗೆ ಇಳಿಸಿದ. "ಇಷ್ಟೇ ಮಾಡ್ತಿದ್ದ ಅವನು," ಎಂದ. "ಹೀಗೆ. ಮತ್ತೆ ಹೀಗೆ." ಬಸ್ ನಿಲ್ದಾಣದಲ್ಲಿ, ಅಂಗಿ ಮಾತ್ರ ತೊಟ್ಟು, ಗಾಳ ಹಾಕಲು ಬಾರದವನಂತೆ ಬೆರಳಾಡಿಸುತ್ತ ನಿಂತ ಮುದುಕನನ್ನು ನೋಡಿ ತರಕಾರಿಯವಳು ನಕ್ಕಿದ್ದೂ ಅವನಿಗೆ ಕೇಳಿಸಿತು. ಆದರೂ ನಿಲ್ಲಿಸಲಿಲ್ಲ.

ಎಲ್ವಿರಾ ಅವನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಚೀಲ ಹಿಡಿದ ಅವಳ ಕೈ ಸಡಿಲವಾಯಿತು.

"ಆಸ್ಪತ್ರೇಲಿ," ಎಂದಳು. "ಕೊನೇ ವಾರ ಹೊದಿಕೆ ಮೇಲೆ ಇದನ್ನೇ ಮಾಡ್ತಿದ್ದ. ರಾತ್ರಿ ಹಗಲು. ನರ್ಸು ಅದು ನರದ ದೋಷ ಅಂದಳು. ನಾನು ಕೈ ಹಿಡ್ಕೊಂಡ್ರೆ ನನ್ನ ಬೆರಳ ಮೇಲೂ ಮಾಡ್ತಿದ್ದ."

ಸೆವೆರೊ ಕೈ ಇಳಿಸಿದ.

"ಒಬ್ಬನೇ?" ಎಂದಳು.

"ಒಬ್ಬನೇ."

"ನಾನು ಮನಸ್ಸಲ್ಲೇ ಅವಳಿಗೆ ಕೆಂಪು ಕೂದಲು ಕೊಟ್ಟಿದ್ದೆ, ಗೊತ್ತಾ. ಬ್ರೆಷಾ ಪಟ್ಟಣದಲ್ಲಿ ಒಂದು ಹೊಲಿಗೆ ಅಂಗಡೀನೂ ಇಟ್ಟುಕೊಟ್ಟಿದ್ದೆ. ಅವಳಿಗೆ ಮೊಣಕಾಲು ನೋವು ಬರಲಿ ಅಂತ ಹರಕೆ ಕೂಡ ಹೊತ್ತಿದೀನಿ." ಅವಳು ನಗಲು ನೋಡಿದಳು, ಆಗಲಿಲ್ಲ. "ಅವಳಿದ್ದಿದ್ರೇ ಚೆನ್ನಾಗಿತ್ತು. ಅವನಿಗೆ ಯಾರೋ ಬೇಕಾಗಿತ್ತು, ನಾನಲ್ಲ, ಇನ್ಯಾರೋ ಅಂತ ಬೈದು ಸುಮ್ಮನಾಗ್ತಿದ್ದೆ. ಯಾರೂ ಬೇಡವಾಗಿತ್ತು ಅಂದ್ರೆ ಏನು ಮಾಡಲಿ?"

"ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ವೇನೋ. ನೀವು ಕೊಟ್ಟಿದ್ದು ಅಂತ."

"ಬೇಜಾರಾಗ್ತಿತ್ತು. ಒಂದು ದಿನ. ಆಮೇಲೆ ಮಾರಿ ಒಂದು ಸೋಫಾ ತರ್ತಿದ್ವಿ." ಮಂಜಿನಲ್ಲಿ ಬಸ್ಸಿನ ಎರಡು ದೀಪ ಕಂಡವು. ಅವಳು ಚೀಲದಲ್ಲಿ ಟಿಕೆಟ್ಟು ಹುಡುಕತೊಡಗಿದಳು, ಹುಡುಕುತ್ತಲೇ ಮಾತಾಡಿದಳು. "ಇವತ್ತಾದ್ರೂ ನಿಜ ಹೇಳ್ತಾನೆ ಅಂತ ಪ್ರತಿ ಭಾನುವಾರ ನಾನು ಬಿಸಿನೀರಿಡ್ತಿದ್ದೆ. ಪಾತ್ರೆ ನೋಡಿದ ಕೂಡ್ಲೇ ನಾಚಿಕೆಯಾಗಿ ಬಾಯ್ಬಿಡ್ತಾನೆ ಅಂತ. ನೀರಿಟ್ಟಿದಾಳಲ್ಲ ಅಂತ ಅವನು ತೊಳೀತಿದ್ದ. ತೊಳೀತಾನಲ್ಲ ಅಂತ ಮುಂದಿನ ವಾರ ನಾನು ಮತ್ತೆ ಇಡ್ತಿದ್ದೆ."

ಬಸ್ಸು ಬಂದು ನಿಂತು ಬಾಗಿಲು ತೆರೆಯಿತು. ಅವಳು ಕಂಬಿ ಹಿಡಿದು ಮೆಟ್ಟಿಲು ಹತ್ತಿದಳು, ಮೇಲೆ ನಿಂತು ತಿರುಗಿದಳು. ಅವಳು ತನ್ನನ್ನು ಬೈಯಬಹುದು, ಆಗ ಸ್ವಲ್ಪ ಹಗುರಾದೀತು, ಎಂದು ಸೆವೆರೊ ಮುಖವೆತ್ತಿ ಕಾದ.

"ಮನೇಲಿ ನಾನೂ ಒಬ್ಬಳೇ ಕೂತಿರ್ತಿದ್ದೆ, ಸೆವೆರೊ," ಎಂದಳು.

ಡ್ರೈವರು ಬಾಗಿಲು ಹಾಕಿದ.